ಗುಳಿಗಿ ಡಬ್ಬಿ ಯಾರ ಕೈಯಾಗೈತಿ?

ಪೋತ್ನಾಳದ ಬಸ್ ನಿಲ್ದಾಣದಲ್ಲಿ ಒಬ್ಬ ತಾಯಿ, ಜೊತೆಗೆ ಇಪ್ಪತ್ತರ ಆಸುಪಾಸಿನ ಮಗ. ಮಾನ್ವಿ ಮೇಲೆ ರಾಯಚೂರಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದರು. ತಾಯಿಯ ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ನಾಲ್ಕು ಮಡಿಕೆಯಾದ ದವಾಖಾನೆಯ ಚೀಟಿ, ತೋರಿಸಲೆಂದು ಎತ್ತಿಟ್ಟುಕೊಂಡ ಖಾಲಿ ಗುಳಿಗೆ ಹಾಳೆ. ಮಗ ಯಾರ ಮುಖವನ್ನೂ ನೋಡದೆ ಚಪ್ಪಲಿಯ ಉಂಗುಷ್ಟ ತಿರುವುತ್ತ ಕೂತಿದ್ದ. ಮಾತಿಗೆ ಎಳೆದಾಗ ತಾಯಿ ಅಂದದ್ದು: "ತೆಲಿ ಕೆಟ್ಟೈತಿ ಅಂತಾರ್ರೀ ಮಂದಿ. ತೆಲಿ ಎಲ್ಲಿ ಕೆಟ್ಟೈತ್ರಿ, ನಿದ್ದಿ ಕೆಟ್ಟೈತಿ."

ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಬಸ್ ಚಾರ್ಜಿಲ್ಲ, ಮಗನಿಗಿದೆ. ಆದರೆ ಅಂದು ಹೋದದ್ದು ಇಬ್ಬರ ಕೂಲಿ. ನಡುವೆ ಕೆಲವು ತಿಂಗಳು ಗುಳಿಗೆ ತಪ್ಪಿತ್ತಂತೆ. ಯಾಕೆಂದು ಕೇಳಿದೆ. ಮೊದಲು ಒಂದು ಸಂಸ್ಥೆಯ ಹುಡುಗಿ ಮನೆಗೇ ಬಂದು, ಗುಳಿಗೆ ಎಣಿಸಿ, ನಾಲ್ಕು ಮಾತಾಡಿ ಹೋಗುತ್ತಿದ್ದಳು. "ಆಕಿ ಭಾಳ ಚೊಲೊ ಇದ್ದಳ್ರೀ. ಪ್ರಾಜೆಕ್ಟ್ ಮುಗೀತಂತ, ಹೋದ್ಳು."

ಸಂಸ್ಥೆ ಯಾವುದೋ, ನಾನು ಕೇಳಲಿಲ್ಲ. ಬಂದು ಹೋದವು ಒಂದೆರಡಲ್ಲ. ಮೂರು ವರ್ಷಕ್ಕೆ ಮಂಜೂರಾದ ಹಣ, ಮೂವತ್ತು ವರ್ಷ ಜೊತೆಗಿರುವ ಕಾಯಿಲೆ. ಈ ಲೆಕ್ಕ ತಾಳೆಯಾಗುವುದಿಲ್ಲ ಎಂದು ಗೊತ್ತಿದ್ದೂ ಸಹಿ ಹಾಕುವವರನ್ನು ನಾವು ಸಂಸ್ಥೆಯ ಮುಖ್ಯಸ್ಥರು ಎನ್ನುತ್ತೇವೆ, ವಿಶ್ವ ಮಾನಸಿಕ ಆರೋಗ್ಯ ದಿನವೆಂದು ಅಕ್ಟೋಬರ್ 10ರಂದು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ.

ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು ದೂರದವರಲ್ಲ. ತುಂಗಭದ್ರೆ ದಾಟಿದರೆ ಬಳ್ಳಾರಿ ಸೀಮೆ. 1985ರಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯನ್ನು ಪ್ರಯೋಗಕ್ಕೆ ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಬೇಕೇಬೇಕಾದ ಕೆಲವೇ ಔಷಧಗಳು ಅಲ್ಲೇ ಸಿಗುವಂತೆ ನೋಡಿಕೊಂಡಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಈ ಬಳ್ಳಾರಿ ಮಾದರಿಯ ಮೇಲೆಯೇ. ಬಳ್ಳಾರಿಯಲ್ಲಿ ಬೆನ್ನು ಹತ್ತಿ ಕೆಲಸ ಮಾಡಿಸುವ ಮಂದಿ ಇದ್ದರು. ಊರೂರಿಗೆ ಹೋದದ್ದು ಮಾದರಿ ಮಾತ್ರ, ಆ ಮಂದಿ ಹೋಗಲಿಲ್ಲ. ಮನೋವೈದ್ಯರ ಹುದ್ದೆಗೆ ಆದೇಶ ಹೊರಡಿಸಬಹುದು. ಈ ತಿಂಗಳು ಯಾರು ಬಂದಿಲ್ಲ ಎಂದು ಪಟ್ಟಿ ಹಿಡಿದು ಮನೆ ಹುಡುಕುವ ಹಟಕ್ಕೆ ಆದೇಶ ಎಲ್ಲಿಂದ ತರುವುದು?

ಆ ಹಟವನ್ನು ಕೆಲವು ಸೇವಾ ಸಂಸ್ಥೆಗಳು ತೋರಿದವು. ಕ್ರಿಸ್ ಅಂಡರ್‌ಹಿಲ್ ಎಂಬ ಬ್ರಿಟಿಷರು 1999ರಲ್ಲಿ ಕಟ್ಟಿದ ಬೇಸಿಕ್ ನೀಡ್ಸ್ ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿದಾಗ ಹೊಸ ಆಸ್ಪತ್ರೆ ಕಟ್ಟಲಿಲ್ಲ, ಹೊಸ ಬೋರ್ಡು ನೆಡಲಿಲ್ಲ. ಆಗಲೇ ಹಳ್ಳಿಗಳಲ್ಲಿ ಬೇರೆ ಕೆಲಸ ಮಾಡುತ್ತಿದ್ದವರ ಬಾಗಿಲು ತಟ್ಟಿತು. ನಮ್ಮ ಕಡೆ ಅದಕ್ಕೆ ಜೊತೆಯಾದದ್ದು, ಎಂಬತ್ತರ ದಶಕದಿಂದ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಕೆಲಸ ಮಾಡಿದ 'ಸಮೂಹ'. ಅಂಗವಿಕಲರ ಮನೆಗೆ ಹೋಗುತ್ತಿದ್ದ ಕಾರ್ಯಕರ್ತರೇ ಮನಸ್ಸು ನೊಂದವರ ಮನೆಯ ಕದವನ್ನೂ ತಟ್ಟಬಹುದು ಎಂಬುದು ಅದರ ತರ್ಕ. ರೋಗಿಗಳನ್ನೂ ಮನೆಯವರನ್ನೂ ಕೂರಿಸಿಕೊಂಡು ನಿಮಗೇನು ಬೇಕೆಂದು ಕೇಳುವುದು ಮೊದಲ ಹೆಜ್ಜೆ. ಹತ್ತಿರದಲ್ಲೇ ಔಷಧ ಬೇಕು, ಮಾಡಲು ಕೆಲಸ ಬೇಕು ಎಂಬ ಉತ್ತರ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹಾಗಾಗಿ ಗುಳಿಗೆಯ ಜೊತೆ ಜೀವನೋಪಾಯವೂ ಆ ಕೆಲಸದ ಭಾಗವಾಯಿತು. ಕುರಿ ಮೇಯಿಸಲು ಮತ್ತೆ ಹೊರಟವನನ್ನು ಊರು ಹುಚ್ಚ ಎನ್ನುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಇಂಥ ಜೋಡಣೆ ಈಗ ಕಷ್ಟ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದುರುಪಯೋಗ ತಡೆಯಬೇಕು, ತಕರಾರಿಲ್ಲ. ಆದರೆ ಪೋತ್ನಾಳದಂಥ ಊರಿನ ಪುಟ್ಟ ಸಂಘಕ್ಕೆ ದೆಹಲಿಯ ಬ್ಯಾಂಕಿನಲ್ಲಿ ಖಾತೆ ತೆರೆದು, ಲೆಕ್ಕಪರಿಶೋಧಕರನ್ನು ಹಿಡಿದು, ತಾನೇ ವಿದೇಶಿ ದೇಣಿಗೆ ತರುವ ತ್ರಾಣ ಎಲ್ಲಿಂದ ಬರಬೇಕು? ಕಂಪನಿಗಳ ಸಿಎಸ್‌ಆರ್ ಹಣವಾದರೂ ಬರಲಿ ಎಂದರೆ, ಅವರಿಗೆ ಫೋಟೋ ತೆಗೆಯಬಹುದಾದ ಕಟ್ಟಡ, ಶಾಲೆಯ ಬೆಂಚು ಇಷ್ಟ. ಒಬ್ಬ ಹುಡುಗ ರಾತ್ರಿ ನಿದ್ದೆ ಮಾಡಿದ್ದಕ್ಕೆ ಫೋಟೋ ಎಲ್ಲಿಂದ ಬರುತ್ತದೆ?

ಹುಡುಗರ ವಿಷಯ ಬಂತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. (ಸಮೀಕ್ಷೆ ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್, ಆದರೆ ಆಯ್ದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.) ನಮ್ಮ ಸೀಮೆಯಲ್ಲಿ ಆ ವಯಸ್ಸೆಂದರೆ ದೇವದುರ್ಗದಿಂದ ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋದಾಗ ಅಜ್ಜಿಯ ಜೊತೆ ಉಳಿಯುವ ವಯಸ್ಸು. ಹತ್ತನೆಯದರಲ್ಲಿ ಫೇಲಾಗಿ ಹತ್ತಿ ಬಿಡಿಸಲು ಹೋಗುವ ವಯಸ್ಸು. ತುಂಗಭದ್ರಾ ಎಡದಂಡೆ ಕಾಲುವೆಯ ತುದಿಗೆ ನೀರು ಬಾರದ ವರ್ಷ ಅಪ್ಪನ ಸಾಲದ ಮಾತು ಕೇಳಿಸಿಕೊಳ್ಳುವ ವಯಸ್ಸು. ಹಾಗಾಗಿ ಇಲ್ಲಿ ಹುಡುಗನೊಬ್ಬನನ್ನು ಕೂರಿಸಿಕೊಂಡು ಕೌನ್ಸೆಲಿಂಗ್ ಮಾಡಿದರೆ ಅರ್ಧ ಕೆಲಸವೂ ಆಗದು. ಇಡೀ ಮನೆಯ ಜೊತೆ ಕೂರಬೇಕು. ಕೂರುವವರಿಗೆ ಮನೆಯ ಭಾಷೆ ಬರಬೇಕು. "ಡಿಪ್ರೆಶನ್" ಎಂದರೆ ಯಾರೂ ತಲೆ ಎತ್ತುವುದಿಲ್ಲ, "ಮನಸಿಗಿ ಹಚ್ಗೊಂಡಾನೇನ್ರೀ?" ಎಂದರೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಗಾಳಿ ಬಡಿದಿದೆ ಎಂದು ದರ್ಗಾಕ್ಕೋ ಗಾಣಗಾಪುರಕ್ಕೋ ಕರೆದೊಯ್ಯುವ ಮನೆಯವರನ್ನು ಬೈಯುವ ಕಾರ್ಯಕರ್ತರನ್ನೂ ನೋಡಿದ್ದೇನೆ. ಬೈದರೆ ಆ ಮನೆಯ ಬಾಗಿಲು ಮುಚ್ಚಿತೆಂದೇ ಲೆಕ್ಕ. ದೇವರ ಹತ್ತಿರವೂ ಹೋಗಿ ಬರ್ರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ ಅನ್ನುವವರ ಮಾತು ನಡೆಯುತ್ತದೆ. ಹಾಗೆಂದು ಸರಪಳಿ ಕಂಡೂ ಸುಮ್ಮನಿರಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮನೋರೋಗಿಗಳನ್ನು ಕಟ್ಟಿಹಾಕಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದವರಿಗೆ ಓಡಲಾಗಲಿಲ್ಲ. ಯಾವಾಗ ಒಪ್ಪಿಕೊಳ್ಳಬೇಕು, ಯಾವಾಗ ಪೊಲೀಸರಿಗೆ ಫೋನ್ ಮಾಡಬೇಕು ಎಂಬ ಈ ತೀರ್ಮಾನವನ್ನು ಬೆಂಗಳೂರಿನ ಕಚೇರಿಯಿಂದ ಇಮೇಲ್‌ನಲ್ಲಿ ಕಳಿಸಲಾಗದು.

ಹಾಗಾದರೆ ಮುಂದಾಳು ಎಲ್ಲಿಂದ ಬರಬೇಕು? ಪೋತ್ನಾಳದಲ್ಲೇ ಉತ್ತರವಿದೆ. ಇಲ್ಲಿ ದಲಿತ ಕೂಲಿ ಹೆಂಗಸರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆ ಇದೆ. ಕೂಲಿಗಾಗಿ, ಮರ್ಯಾದೆಗಾಗಿ ಹೋರಾಡಿದವರು. ಸುಟ್ಟ ಮಣ್ಣಿನ ಆಭರಣ ಮಾಡಿ ಮಾರಿದವರು. ದುಡಿಯುವ ಮಕ್ಕಳಿಗಾಗಿ 'ಚಿಲಿಪಿಲಿ' ಶಾಲೆ ನಡೆಸಿದವರು. ಮಾನಸಿಕ ಆರೋಗ್ಯ ಅವರ ಬೋರ್ಡಿನ ಮೇಲಿಲ್ಲ. ಆದರೆ ಹಣ ಬಂದಾಗಲೂ ಬಾರದಿದ್ದಾಗಲೂ ವಾರಕ್ಕೊಮ್ಮೆ ಕೂಡಿ ಕೂರುವುದು, ಕಚೇರಿಯ ಮೆಟ್ಟಿಲಲ್ಲಿ ಕೆಲಸವಾಗುವವರೆಗೂ ಏಳದಿರುವುದು, ಕುಡಿದು ಹೊಡೆಯುವ ಗಂಡನ ಮನೆಗೆ ಹತ್ತು ಮಂದಿ ಒಟ್ಟಿಗೆ ಹೋಗುವುದು ಇಂಥ ಸಂಘಗಳಿಗೆ ಕಲಿಸಬೇಕಾದ ವಿದ್ಯೆಯಲ್ಲ. ಗುಳಿಗೆಯ ಹೆಸರು ಒಂದು ತಿಂಗಳಲ್ಲಿ ಕಲಿಸಬಹುದು. ಕೂಡಿ ಕೂರುವುದನ್ನು ಕಲಿಸಲು ಇಪ್ಪತ್ತು ವರ್ಷ ಬೇಕು. ಆದರೂ ನಮ್ಮ ಸಂಸ್ಥೆಗಳ ಜಾಹೀರಾತಿನಲ್ಲಿ ನಿರ್ದೇಶಕರಿಗೆ ಸ್ನಾತಕೋತ್ತರ ಪದವಿ, ಇಂಗ್ಲಿಷಿನಲ್ಲಿ ವರದಿ ಬರೆಯುವ ಕೌಶಲ ಕಡ್ಡಾಯ. ಬೈಠಕ್ ನಡೆಸುವಾಕೆ ಅದೇ ಸಂಸ್ಥೆಯಲ್ಲಿ 'ಸ್ವಯಂಸೇವಕಿ'. ಅಂದರೆ ಸಂಬಳವಿಲ್ಲ.

ಇನ್ನೊಂದು ಮಾತು. ದಿನಕ್ಕೆ ಐದು ಮನೆಯ ಅಳು ಕೇಳಿ ಬರುವ ಆ ಹುಡುಗಿಯ ಅಳು ಕೇಳುವವರು ಯಾರು? ಅವಳ ರಜೆ, ಅವಳ ಸಂಬಳದ ತಾರೀಖು, ಸಂಜೆ ಏಳಕ್ಕೆ ಬಸ್ ತಪ್ಪಿದರೆ ಎಲ್ಲಿ ಉಳಿಯಬೇಕು ಎಂಬುದು, ಇವನ್ನು ನೋಡಿಕೊಳ್ಳದ ಮುಖ್ಯಸ್ಥರ ಬಾಯಲ್ಲಿ ಮಾನಸಿಕ ಆರೋಗ್ಯದ ಭಾಷಣ ಕೇಳುವ ತಾಳ್ಮೆ ನನಗಿಲ್ಲ.

ಹಾಂ, ಓದುಗರ ಪೈಕಿ ಯಾರ ಮನೆಯಲ್ಲಾದರೂ ಇಂಥ ಕಷ್ಟವಿದ್ದರೆ ಸರ್ಕಾರದ ಟೆಲಿ ಮನಸ್ ಸಂಖ್ಯೆ 14416. ಹಗಲು-ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಹಣ ಕೊಡುವವರಿಗೆ, ಜಿಲ್ಲಾಡಳಿತಕ್ಕೆ ನನ್ನ ವಿನಂತಿ ಒಂದೇ: ಮುಂದಿನ ಅರ್ಜಿ ನಮೂನೆಯಲ್ಲಿ ಒಂದು ಕಾಲಂ ಹೆಚ್ಚಿಸಿ. ಯೋಜನೆ ಮುಗಿದ ಮರುತಿಂಗಳು ಪೋತ್ನಾಳದ ಆ ಮನೆಗೆ ಗುಳಿಗೆ ತರುವವರ ಹೆಸರೇನು, ಅವರಿಗೆ ಸಂಬಳ ಕೊಡುವವರು ಯಾರು? ಆ ಕಾಲಂ ಖಾಲಿ ಬಿಟ್ಟ ಅರ್ಜಿಯನ್ನು ವಾಪಸ್ ಕಳಿಸಿ.