ರೋಗಕ್ಕೆ ಹೆಸರು ದೊರೆಯುವವರೆಗೆ

ಇಪ್ಪತ್ತು ವರ್ಷದವರು ಆಯಾಸವೆಂದರೆ ನಂಬುವವರು ವಿರಳ. ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಬೆಳಗ್ಗೆ ಬೆರಳ ಗೆಣ್ಣುಗಳು ಬಿಗಿದಿರುತ್ತವೆ, ಸಂಜೆಗೆ ಸಣ್ಣ ಜ್ವರ ಬರುತ್ತದೆ, ಬಿಸಿಲಿಗೆ ಹೋದರೆ ಕೆನ್ನೆ ಕೆಂಪೇರುತ್ತದೆ ಎಂದು ಹೇಳಿದಳೆನ್ನೋಣ. ಮನೆಯವರು ಓದಿನ ಶ್ರಮವೆನ್ನುವರು. ನೆರೆಯವರು ದೃಷ್ಟಿ ತಾಕಿದೆಯೆನ್ನುವರು. ಅವಸರದಲ್ಲಿರುವ ವೈದ್ಯರು ರಕ್ತಹೀನತೆಯೆಂದು ಕಬ್ಬಿಣಾಂಶದ ಗುಳಿಗೆ ಬರೆದುಕೊಡುವರು. ಈ ಊಹೆಗಳಲ್ಲಿ ಕೊನೆಯದು ನಿರಾಧಾರವೇನೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಆದರೆ ಸಾಮಾನ್ಯವಾದ ಕಾರಣವೊಂದು ಕಣ್ಣೆದುರಿಗೆ ಇರುವಾಗ ಅಸಾಮಾನ್ಯವಾದುದು ಅದರ ಮರೆಯಲ್ಲಿ ಬಹುಕಾಲ ಅಡಗಿರಬಲ್ಲುದು. ಲೂಪಸ್ ಎಂಬ ವ್ಯಾಧಿ ಹೀಗೆ ಅಡಗಿರುವುದರಲ್ಲಿ ಬಲು ನಿಪುಣ. ಅದು ತಾನೇ ರಕ್ತಹೀನತೆಯನ್ನು ಉಂಟುಮಾಡುವುದೂ ಉಂಟು.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಇದು ಆಟೋಇಮ್ಯೂನ್, ಎಂದರೆ ಸ್ವಪ್ರತಿರಕ್ಷಾ ವ್ಯಾಧಿಗಳ ಗುಂಪಿಗೆ ಸೇರಿದುದು. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ಪ್ರತಿಕಾಯಗಳು ಇಲ್ಲಿ ಸ್ವಂತ ಜೀವಕೋಶಗಳ ಮೇಲೆಯೇ ತಿರುಗಿ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಇಂತಹದು ನಡೆಯಬಹುದೆಂದು ವಿಜ್ಞಾನಿಗಳೇ ಬಹುಕಾಲ ಒಪ್ಪಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅವರು ಆಡುಗಳಿಗೆ ಬೇರೆ ಆಡುಗಳ ರಕ್ತಕಣಗಳನ್ನು ಚುಚ್ಚಿ ನೋಡಿದರು. ಆಡು ಪರರ ಕಣಗಳಿಗೆ ಪ್ರತಿಕಾಯಗಳನ್ನು ತಯಾರಿಸಿತೇ ಹೊರತು ತನ್ನವಕ್ಕೆ ತಯಾರಿಸಲಿಲ್ಲ. ದೇಹಕ್ಕೆ ತನ್ನನ್ನು ತಾನೇ ವಿಷಗೊಳಿಸಿಕೊಳ್ಳುವ ಭಯವಿದೆಯೆಂದು ಅವರು ಹೇಳಿದ ಮಾತು ದಶಕಗಳ ಕಾಲ ವೇದವಾಕ್ಯದಂತೆ ನಡೆಯಿತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ, ಮತ್ತೊಂದು ಕೋಶದ ಬೀಜಕೇಂದ್ರವನ್ನು ನುಂಗಿಕೊಂಡಿದ್ದ ವಿಚಿತ್ರ ಬಿಳಿಯ ಕಣಗಳನ್ನು ಕಂಡರು. 1957ರ ಹೊತ್ತಿಗೆ ಬೀಜಕೇಂದ್ರವನ್ನು ಹಿಡಿಯುವ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದ ಸಹಾಯದಿಂದ ಗುರುತಿಸುವ ಉಪಾಯ ದೊರೆಯಿತು. ಇಂದು ಪ್ರಯೋಗಶಾಲೆಗಳಲ್ಲಿ ಎ.ಎನ್.ಎ. ಎಂದು ಕರೆಯುವ ಪರೀಕ್ಷೆಯ ಮೂಲ ಇದೇ.

ಈ ಪರೀಕ್ಷೆಯನ್ನು ಕುರಿತು ನಮ್ಮ ವಿದ್ಯಾರ್ಥಿಮಿತ್ರರು ಸ್ವಲ್ಪ ನಿಧಾನವಾಗಿ ಯೋಚಿಸಬೇಕೆಂಬುದು ನಮ್ಮ ಆಶಯ. ಏಕೆಂದರೆ ಯಾರ ಚೀಟಿಯೂ ಇಲ್ಲದೆ ಹಣ ತೆತ್ತು ಇದನ್ನು ಮಾಡಿಸಿಕೊಂಡು, ‘ಪಾಸಿಟಿವ್’ ಎಂಬ ಒಂದೇ ಪದವನ್ನು ಓದಿ ನಿದ್ದೆಗೆಡುವವರು ಹೆಚ್ಚುತ್ತಿದ್ದಾರೆ. ರಕ್ತರಸವನ್ನು 40 ಪಾಲು, 80 ಪಾಲು, 160 ಪಾಲು ಹೀಗೆ ತೆಳುಮಾಡುತ್ತ, ಎಷ್ಟು ತೆಳುವಾದರೂ ಹೊಳಪು ಉಳಿಯುವುದೋ ನೋಡುವುದು ಇದರ ಕ್ರಮ. 1997ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಆರೋಗ್ಯವಂತರ ಪೈಕಿಯೇ 40 ಪಾಲಿನ ಮಟ್ಟದಲ್ಲಿ ನೂರಕ್ಕೆ ಸುಮಾರು 32 ಮಂದಿಗೂ, 80ರಲ್ಲಿ 13 ಮಂದಿಗೂ, 160ರಲ್ಲಿ 5 ಮಂದಿಗೂ ಹೊಳಪು ಕಂಡಿತು. ಸಾವಿರ ವಿದ್ಯಾರ್ಥಿಗಳ ಕಾಲೇಜೊಂದರಲ್ಲಿ ಎಲ್ಲರ ರಕ್ತವನ್ನೂ ಪರೀಕ್ಷಿಸಿದೆವೆಂದು ಇಟ್ಟುಕೊಳ್ಳಿ. 160ರ ಮಟ್ಟದಲ್ಲಿಯೂ ಸುಮಾರು ಐವತ್ತು ಮಂದಿ ‘ಪಾಸಿಟಿವ್’ ಆಗುವರು. ಲೂಪಸ್ ಇರುವವರೋ, ಬಹುಶಃ ಒಬ್ಬರೂ ಸಿಕ್ಕರು. ಆದುದರಿಂದ ಗೆಣ್ಣು, ಚರ್ಮ, ಬಾಯಿ, ಮೂತ್ರ ಇವು ಏನು ಹೇಳುತ್ತವೆಯೆಂಬುದನ್ನು ಬಿಟ್ಟು ಆ ಕಾಗದವನ್ನು ಓದಲಾಗದು.

ಹಾಗಾದರೆ ಲಕ್ಷಣಗಳಿದ್ದೂ ವೈದ್ಯರು ‘ಈಗಲೇ ಹೇಳಲಾಗದು’ ಎಂದರೆ? ಅದನ್ನು ಅಸಾಮರ್ಥ್ಯವೆಂದು ತಿಳಿಯುವವರೇ ಹೆಚ್ಚು. ನಾವು ಹಾಗೆ ತಿಳಿಯುವುದಿಲ್ಲ. 2003ರಲ್ಲಿ ಅಮೆರಿಕದ ವಿಜ್ಞಾನಿಗಳು, ಮುಂದೆ ಲೂಪಸ್‌ಗೆ ತುತ್ತಾದ 130 ಮಂದಿ ಸೈನಿಕ ಸಿಬ್ಬಂದಿಯ ಹಳೆಯ ರಕ್ತರಸವನ್ನು ಶೀತಾಗಾರದಿಂದ ತೆಗೆದು ಪರೀಕ್ಷಿಸಿದರು. ಅವರಲ್ಲಿ 115 ಮಂದಿಗೆ ರೋಗನಿರ್ಣಯಕ್ಕೆ ಮುನ್ನವೇ, ಕೆಲವರಿಗೆ ಒಂಬತ್ತು ವರ್ಷಗಳಿಗೂ ಮೊದಲೇ, ಒಂದಾದರೂ ಬಗೆಯ ಪ್ರತಿಕಾಯವಿತ್ತು. ಎಂದಮೇಲೆ ಅನಿಶ್ಚಯವು ರೋಗದ ಸ್ವಭಾವದಲ್ಲಿಯೇ ಇದೆ. ಆರೋಗ್ಯಕ್ಕೂ ರೋಗಕ್ಕೂ ನಡುವೆ ವರ್ಷಗಟ್ಟಲೆ ಅಗಲದ ಗಡಿಪ್ರದೇಶವಿದೆ. ಆದರೆ ‘ಹೇಳಲಾಗದು’ ಎಂಬ ಮಾತಿನ ಜೊತೆಗೆ ಮುಂದಿನ ಭೇಟಿಯ ದಿನಾಂಕವೂ ಇರಬೇಕು. ‘ಮನಸ್ಸಿನ ಭ್ರಮೆ, ಮದುವೆಯಾದರೆ ಸರಿಹೋಗುತ್ತದೆ’ ಎಂದು ಕಳುಹಿಸುವುದು ಬೇರೆಯೇ ಸಂಗತಿ. ಇದು ಪ್ರಸವಯೋಗ್ಯ ವಯಸ್ಸಿನಲ್ಲಿ ಪುರುಷನೊಬ್ಬನಿಗೆ ಸುಮಾರು ಒಂಬತ್ತು ಮಂದಿ ಸ್ತ್ರೀಯರನ್ನು ಹಿಡಿಯುವ ವ್ಯಾಧಿ. ಅಂತಹ ಮಾತು ಯಾರ ಕಿವಿಗೆ ಬೀಳುತ್ತದೆಯೆಂಬುದನ್ನು ವಿವರಿಸಬೇಕಾಗಿಲ್ಲ. ಅತ್ತ ಮೂತ್ರಪಿಂಡಗಳು ನೋವಿಲ್ಲದೆಯೇ ಕೆಡುತ್ತಿರಬಹುದು. ಅದರ ಮೊದಲ ಸುಳಿವನ್ನು ಕೊಡುವುದು ದುಬಾರಿ ಯಂತ್ರವಲ್ಲ. ಮೂತ್ರದಲ್ಲಿ ಪ್ರೋಟೀನು ಅಥವಾ ರಕ್ತವಿದೆಯೇ ಎಂದು ನೋಡುವ, ತಾಲ್ಲೂಕು ಆಸ್ಪತ್ರೆಯಲ್ಲಿಯೂ ಆಗುವ ಸಾಧಾರಣ ಪರೀಕ್ಷೆ.

ಇದಕ್ಕಿಂತ ನಮ್ಮನ್ನು ಹೆಚ್ಚು ಕಳವಳಗೊಳಿಸುವುದು ಹೆಸರಿಡದೆಯೇ ಕೊಡುವ ಸ್ಟಿರಾಯಿಡ್ ಗುಳಿಗೆ. ಈ ವರ್ಗದ ಕಾರ್ಟಿಸೋನನ್ನು ಕೀಲುರೋಗಕ್ಕೆ 1948ರಲ್ಲಿ ಮೊದಲು ಪ್ರಯೋಗಿಸಿದ ತಂಡದ ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಔಷಧದ ಮಹಿಮೆಯಲ್ಲಿ ಸಂಶಯವಿಲ್ಲ. ತಕ್ಕ ವೈದ್ಯರ ಕೈಯಲ್ಲಿ ಅದು ಪ್ರಾಣವನ್ನೇ ಉಳಿಸುತ್ತದೆ. ಆದರೆ ಕಾರಣ ತಿಳಿಯದೆ ಕೊಟ್ಟಾಗ ಜ್ವರ ಇಳಿಯುತ್ತದೆ, ಗೆಣ್ಣಿನ ಊತ ಮಾಯವಾಗುತ್ತದೆ, ರೋಗದ ಹೆಜ್ಜೆಗುರುತುಗಳೂ ಅಳಿಸಿಹೋಗುತ್ತವೆ. ನಮ್ಮ ದೇಶದಲ್ಲಿ ಅದೇ ಜ್ವರ, ಅದೇ ತೂಕನಷ್ಟ ಕ್ಷಯದಿಂದಲೂ ಆಗಿರಬಹುದು. ಆಗ ಸ್ಟಿರಾಯಿಡ್ ಕ್ಷಯಕ್ಕೆ ಬಾಗಿಲು ತೆರೆದಂತೆಯೇ ಸರಿ. ಕೆಲವು ಔಷಧದಂಗಡಿಗಳಲ್ಲಿ ಚೀಟಿಯಿಲ್ಲದೆಯೂ ಇದು ದೊರೆಯುತ್ತಿರುವುದನ್ನು ತಡೆಯುವುದು ಅಧಿಕಾರಿಗಳ ಕರ್ತವ್ಯ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಮಾತ್ರ ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು, ಅದೂ ಅಪಾಯವೇ.

ವೈದ್ಯರ ಮುಂದೆ ಮಗಳ ಪರವಾಗಿ ತಂದೆತಾಯಿಗಳೇ ಉತ್ತರ ಕೊಡುವ ನಮ್ಮ ರೂಢಿಯೂ ಇಲ್ಲಿ ಅಡ್ಡ ಬರುತ್ತದೆ. ತಲೆಗೂದಲು ಹಿಡಿಹಿಡಿಯಾಗಿ ಉದುರುವುದು, ಅಂಗುಳಿನಲ್ಲಿ ನೋವಿಲ್ಲದ ಹುಣ್ಣಾಗುವುದು, ತಣ್ಣೀರಿಗೆ ಬೆರಳುಗಳು ಬೆಳ್ಳಗೆ, ನೀಲಿಯಾಗಿ ತಿರುಗುವುದು ಇವನ್ನು ಆಕೆಯಲ್ಲದೆ ಮತ್ತಾರು ಬಲ್ಲರು? ಯಾವ ದಿನ ಏನಾಯಿತು, ಜ್ವರವೆಷ್ಟು, ಯಾವ ಗುಳಿಗೆಯನ್ನು ನುಂಗಿದೆ ಎಂಬುದನ್ನು ಆಕೆ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಹೋದರೆ, ಬಿಡಿಬಿಡಿಯಾಗಿ ತೋರುವ ಲಕ್ಷಣಗಳು ಒಂದೇ ದಾರಕ್ಕೆ ಸೇರಿದವೆಂಬುದು ವೈದ್ಯರಿಗೆ ಹೊಳೆಯಬಹುದು. ಕೆನ್ನೆಯ ಕೆಂಪಂತೂ ಆಸ್ಪತ್ರೆಗೆ ಹೋಗುವ ದಿನಕ್ಕೆ ಸರಿಯಾಗಿ ಮಾಯವಾಗಿರುವುದುಂಟು. ಕೈಯಲ್ಲಿ ಫೋನಿರುವವರು ಅದು ಕಾಣಿಸಿಕೊಂಡ ದಿನವೇ, ಬೆಳಕಿನಲ್ಲಿ ನಿಂತು, ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಬಹುದು.