ಕಂಪ್ಯೂಟರಿಗೆ ನಿರ್ವಹಣೆಯುಂಟು, ಕಡತಕ್ಕೆ ಕಾವಲುಂಟೆ?

ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ ಬೆಂಗಳೂರಿನ ಪಶ್ಚಿಮ ಭಾಗದ ಯಾವ ಬಡಾವಣೆಯಲ್ಲಿ ಸಂಜೆ ನಡೆದಾಡಿದರೂ ವಕೀಲರ ನಾಮಫಲಕಗಳು ಕಣ್ಣಿಗೆ ಬೀಳುತ್ತವೆ. ಔಷಧ ಅಂಗಡಿಯ ಮೇಲಿನ ಮಹಡಿಯಲ್ಲೋ, ಸ್ವಂತ ಮನೆಯ ಮುಂದಿನ ಕೋಣೆಯಲ್ಲೋ ನಡೆಯುವ ಕಚೇರಿಗಳಿವು. ಒಬ್ಬ ವಕೀಲರು, ಒಬ್ಬಿಬ್ಬರು ಕಿರಿಯರು, ಒಬ್ಬ ಗುಮಾಸ್ತ, ಒಬ್ಬ ಬೆರಳಚ್ಚುಗಾರ, ಇಷ್ಟೇ ಸಿಬ್ಬಂದಿ. ಹಗಲೆಲ್ಲ ಸಿಟಿ ಸಿವಿಲ್ ನ್ಯಾಯಾಲಯ, ಹೈಕೋರ್ಟು. ಸಂಜೆ ಆರರ ನಂತರ ಕಕ್ಷಿದಾರರ ಭೇಟಿ.

ಇಂಥ ಕಚೇರಿಯ ಸಂಪತ್ತೆಲ್ಲ ಹಿಂದೆ ಒಂದು ಉಕ್ಕಿನ ಬೀರುವಿನಲ್ಲಿರುತ್ತಿತ್ತು. ಅದರ ಬೀಗದ ಕೈ ವಕೀಲರ ಬಳಿ ಇರುತ್ತಿತ್ತು. ಇಂದು ಕಡತದ ಬಹುಪಾಲು ಕಂಪ್ಯೂಟರಿನಲ್ಲಿದೆ. ಅದರ ಬೀಗದ ಕೈ, ಅಂದರೆ ಪಾಸ್‌ವರ್ಡು, ಗುಮಾಸ್ತನಿಗೂ ಗೊತ್ತು, ಬೆರಳಚ್ಚುಗಾರನಿಗೂ ಗೊತ್ತು, ತಿಂಗಳಿಗೊಮ್ಮೆ ಬಂದು ಹೋಗುವ ರಿಪೇರಿ ಹುಡುಗನಿಗೂ ಗೊತ್ತು. ಸಣ್ಣ ವಕೀಲಿ ಕಚೇರಿಗಳು ಕಂಪ್ಯೂಟರ್ ನಿರ್ವಹಣೆಗಾಗಿ ಮಾಡಿಕೊಳ್ಳುವ ವಾರ್ಷಿಕ ಒಪ್ಪಂದದಲ್ಲಿ ಏನೇನಿರಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ.

ಕಾನೂನಿನ ಪಟ್ಟಿಯಲ್ಲಿ ಇಲ್ಲದವನು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು, ಕಕ್ಷಿದಾರ ಹೇಳಿದ್ದನ್ನು ವಕೀಲರು ಅವನ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದು ಎನ್ನುತ್ತದೆ. ಈ ನಿರ್ಬಂಧ ಭಾಷಾಂತರಕಾರರಿಗೆ, ವಕೀಲರ ಗುಮಾಸ್ತರಿಗೆ ಮತ್ತು ನೌಕರರಿಗೂ ಅನ್ವಯಿಸುತ್ತದೆ ಎಂದು ಕಲಮೇ ಸ್ಪಷ್ಟಪಡಿಸಿದೆ. ಹೊರಗಿನಿಂದ ಬರುವ ಗುತ್ತಿಗೆ ತಂತ್ರಜ್ಞನ ಉಲ್ಲೇಖ ಆ ಪಟ್ಟಿಯಲ್ಲಿಲ್ಲ. ಕಚೇರಿಯ ಪ್ರತಿಯೊಂದು ಕಡತವನ್ನೂ ತೆರೆಯಬಲ್ಲವನನ್ನು ಗೋಪ್ಯತೆಗೆ ಸ್ಪಷ್ಟವಾಗಿ ಕಟ್ಟಿಹಾಕಬೇಕಾದುದು ಹಾಗಾಗಿ ಲಿಖಿತ ಒಪ್ಪಂದವೇ.

ವಕೀಲರ ಉಪಕರಣಗಳ ವಿಷಯದಲ್ಲಿ ನ್ಯಾಯಾಲಯ ಎಷ್ಟು ಎಚ್ಚರ ವಹಿಸುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2025ರ ಅಕ್ಟೋಬರ್ 31ರ ತೀರ್ಪು ಸಾಕ್ಷಿ. ತನಿಖೆಗಾಗಿ ವಕೀಲರ ಡಿಜಿಟಲ್ ಸಾಧನ ಬೇಕಾದರೆ ಅದನ್ನು ನ್ಯಾಯಾಲಯದ ಮುಂದೆಯೇ ಹಾಜರುಪಡಿಸಬೇಕು, ವಕೀಲರ ಮತ್ತು ಕಕ್ಷಿದಾರರ ಸಮ್ಮುಖದಲ್ಲಿಯೇ ತೆರೆಯಬೇಕು, ಇತರ ಕಕ್ಷಿದಾರರ ಗೋಪ್ಯತೆಗೆ ಧಕ್ಕೆಯಾಗಕೂಡದು ಎಂದು ಪೀಠ ಹೇಳಿತು. ಪೊಲೀಸರ ವಿರುದ್ಧ ಇಷ್ಟು ರಕ್ಷಣೆ ಪಡೆದ ಅದೇ ಕಂಪ್ಯೂಟರ್ ಕೆಟ್ಟಾಗ ರಸೀದಿಯೂ ಇಲ್ಲದೆ ಸ್ಕೂಟರಿನ ಮೇಲೆ ರಿಪೇರಿ ಅಂಗಡಿಗೆ ಹೋದರೆ ಆ ರಕ್ಷಣೆಗೆ ಅರ್ಥವೇನು? ಹಾರ್ಡ್ ಡಿಸ್ಕ್ ಯಾವ ಕಾರಣಕ್ಕೂ ಕಚೇರಿ ಬಿಟ್ಟು ಹೋಗಬಾರದು, ಬದಲಿಸಿದ ಹಳೆಯ ಡಿಸ್ಕನ್ನು ವಕೀಲರಿಗೇ ಒಪ್ಪಿಸಬೇಕು ಎಂಬುದು ಒಪ್ಪಂದದ ಮೊದಲ ಷರತ್ತಾಗಬೇಕು.

ಹೊಣೆಗಾರಿಕೆಯನ್ನು ಗುತ್ತಿಗೆದಾರನ ಹೆಗಲಿಗೆ ಹೊರಿಸಿ ಕೈತೊಳೆದುಕೊಳ್ಳಲೂ ಸಾಧ್ಯವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಕಾನೂನುಬದ್ಧ ಹಕ್ಕುಗಳ ಜಾರಿಗಾಗಿ ನಡೆಯುವ ದತ್ತಾಂಶ ಬಳಕೆಗೆ ಹಲವು ವಿನಾಯಿತಿಗಳನ್ನು ಕೊಟ್ಟಿದೆ. ಆದರೆ ಸೂಕ್ತ ಭದ್ರತೆ ಒದಗಿಸುವ ಹೊಣೆಗೂ, ತನ್ನ ಪರವಾಗಿ ದತ್ತಾಂಶ ನಿರ್ವಹಿಸುವವರ ಕೃತ್ಯಗಳ ಹೊಣೆಗೂ ವಿನಾಯಿತಿಯಿಲ್ಲ. ಭದ್ರತಾ ಲೋಪಕ್ಕೆ 250 ಕೋಟಿ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಿವೆ. ಸಿದ್ಧತೆಗೆ ದೊರೆತಿರುವ ಸಮಯ ಇಷ್ಟೇ.

120ನೇ ದಿನದ ಭಯ

ಗೋಪ್ಯತೆಯಷ್ಟೇ ಮುಖ್ಯವಾದುದು ಕಾಲಮಿತಿ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ಬರುವ ವ್ಯಾಜ್ಯಗಳ ಕನಿಷ್ಠ ಮೌಲ್ಯ ಮೊದಲು 1 ಕೋಟಿ ರೂ. ಇತ್ತು, 2018ರ ತಿದ್ದುಪಡಿ ಅದನ್ನು 3 ಲಕ್ಷಕ್ಕೆ ಇಳಿಸಿತು. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಸಣ್ಣ ಕಾರ್ಖಾನೆಯೊಂದರ ಬಾಕಿ ವಸೂಲಿಯೂ ಹೀಗೆ ವಾಣಿಜ್ಯ ವ್ಯಾಜ್ಯವಾಗಬಲ್ಲದು. ಅಂಥ ದಾವೆಯಲ್ಲಿ ಸಮನ್ಸ್ ಜಾರಿಯಾದ 120 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಲೇಬೇಕು. ಆ ಗಡುವನ್ನು ಮೀರಿ ಒಂದು ದಿನವನ್ನೂ ವಿಸ್ತರಿಸಲಾಗದು ಎಂದು ಸುಪ್ರೀಂ ಕೋರ್ಟು 2019ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ.

118ನೇ ದಿನ ಕಚೇರಿಯ ಕಂಪ್ಯೂಟರಿಗೆ ಸುಲಿಗೆ ವೈರಸ್ ತಗುಲಿ ಕಡತಗಳೆಲ್ಲ ಬೀಗ ಹಾಕಿಕೊಂಡರೆ, "ತಂತ್ರಜ್ಞ ಸೋಮವಾರ ಬರುತ್ತಾನೆ" ಎಂಬ ಉತ್ತರ ಕಕ್ಷಿದಾರನ ಆಸ್ತಿಗೇ ಕುತ್ತಾಗುತ್ತದೆ. ಆದ್ದರಿಂದ ಎಷ್ಟು ಗಂಟೆಯಲ್ಲಿ ಕರೆಗೆ ಸ್ಪಂದಿಸಬೇಕು ಎಂಬುದನ್ನಷ್ಟೇ ಒಪ್ಪಂದದಲ್ಲಿ ಬರೆದರೆ ಸಾಲದು. ಎಷ್ಟು ಗಂಟೆಯಲ್ಲಿ ಕಡತಗಳು ಮರಳಿ ಕೈಸೇರಬೇಕು ಎಂಬುದನ್ನೂ ನಮೂದಿಸಬೇಕು.

ಅದಕ್ಕೆ ಆಧಾರ ಬ್ಯಾಕಪ್. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಕಚೇರಿಯ ಹೊರಗೆ ಎಂಬುದು ಜಗತ್ತಿನೆಲ್ಲೆಡೆ ಒಪ್ಪಿತವಾದ ಸೂತ್ರ. ಕಂಪ್ಯೂಟರಿಗೆ ಸದಾ ಜೋಡಿಸಿಟ್ಟ ಪೆನ್ ಡ್ರೈವನ್ನು ಬ್ಯಾಕಪ್ ಎನ್ನಲಾಗದು. ವೈರಸ್ ಅದನ್ನೂ ಬಿಡುವುದಿಲ್ಲ. ಪ್ರತಿಗಳು ಗೂಢಲಿಪಿಯಲ್ಲಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ ವಕೀಲರ ಎದುರಿಗೇ ಒಂದು ಕಡತವನ್ನು ಬ್ಯಾಕಪ್‌ನಿಂದ ಮರಳಿ ತೆಗೆದು ತೋರಿಸಬೇಕು. ಈ ಪರೀಕ್ಷೆ ನಡೆಯದಿದ್ದರೆ ಬ್ಯಾಕಪ್ ಇದ್ದರೂ ಇಲ್ಲದಂತೆಯೇ.

ನ್ಯಾಯಾಲಯದ ಬಾಗಿಲು ಈಗ ಪರದೆಯಲ್ಲಿ

ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2023ರ ಸೆಪ್ಟೆಂಬರಿನಲ್ಲಿ 7,210 ಕೋಟಿ ರೂ.ಗಳ ಮಂಜೂರಾತಿ ನೀಡಿತು. ನ್ಯಾಯಾಲಯಗಳು ಕಾಗದದಿಂದ ಪರದೆಗೆ ಸರಿಯುತ್ತಿರುವಾಗ ಸಣ್ಣ ಕಚೇರಿಯ ತಾಂತ್ರಿಕ ಅಗತ್ಯಗಳೂ ಬದಲಾಗಿವೆ. ಸ್ಕ್ಯಾನ್ ಮಾಡಿದ ಪುಟಗಳು ಹುಡುಕಲು ಬರುವಂಥ ಪಿಡಿಎಫ್ ಆಗಬೇಕು. ಡಿಜಿಟಲ್ ಸಹಿಯ ಸಾಧನ ಕೆಲಸ ಮಾಡಬೇಕು, ಆದರೆ ಅದು ಮತ್ತು ಅದರ ಸಂಕೇತ ಸಂಖ್ಯೆ ವಕೀಲರ ಬಳಿಯೇ ಇರಬೇಕು. ಆ ಸಹಿಗೆ ಕಾನೂನಿನ ಮಾನ್ಯತೆಯಿದೆ. ಅದನ್ನು ತಂತ್ರಜ್ಞನ ಬಳಿ ಬಿಡುವುದೆಂದರೆ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟಂತೆ.

ಕನ್ನಡದ ಕಚೇರಿಗಳಿಗೆ ಇನ್ನೊಂದು ವಿಶಿಷ್ಟ ತೊಡಕಿದೆ. ವಿಚಾರಣಾ ನ್ಯಾಯಾಲಯಗಳ ದಾವೆ, ತಕರಾರು, ಪ್ರಮಾಣಪತ್ರಗಳ ಹಳೆಯ ಮಾದರಿಗಳೆಲ್ಲ ನುಡಿ, ಬರಹ ತಂತ್ರಾಂಶಗಳ ಯುನಿಕೋಡ್ ಪೂರ್ವದ ಅಕ್ಷರಗಳಲ್ಲಿವೆ. ಆ ಅಕ್ಷರಗಳಿಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ವರ್ಷಗಳ ಶ್ರಮ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ. ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ತಪ್ಪಿಲ್ಲವೆಂದು ಪರಿಶೀಲಿಸುವ ಕೆಲಸವನ್ನೂ ಒಪ್ಪಂದಕ್ಕೆ ಸೇರಿಸಬೇಕು. ಹೊರಗಿನ ದೇಶಗಳ ಒಪ್ಪಂದದ ನಮೂನೆಗಳಲ್ಲಿ ಈ ಅಂಶ ಸಿಗದು.

ವಿದ್ಯುನ್ಮಾನ ಸಾಕ್ಷ್ಯದ ಮಾತು ಇನ್ನೂ ಸೂಕ್ಷ್ಮ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ತಜ್ಞರ ಸಹಿಯೂ ಬೇಕು. ಹ್ಯಾಶ್ ಎಂಬುದು ಕಡತದ ಬೆರಳಚ್ಚಿನಂಥದು. ಒಂದು ಅಕ್ಷರ ಬದಲಾದರೂ ಸಂಖ್ಯೆಯೇ ಬದಲಾಗುತ್ತದೆ. ಕಕ್ಷಿದಾರ ತಂದ ಧ್ವನಿಮುದ್ರಿಕೆಯನ್ನೋ ಸಿಸಿಟಿವಿ ದೃಶ್ಯವನ್ನೋ ಪಡೆದ ದಿನವೇ ಹ್ಯಾಶ್ ದಾಖಲಿಸಿ, ಮೂಲವನ್ನು ಮುಟ್ಟದೆ ಪ್ರತಿಯಲ್ಲಿ ಮಾತ್ರ ಕೆಲಸ ಮಾಡುವ ಕ್ರಮವನ್ನು ಸೇವಾ ಸಂಸ್ಥೆ ಕಚೇರಿಗೆ ಕಲಿಸಿಕೊಡಬೇಕು. ನಿಧಾನವಾದ ಕಂಪ್ಯೂಟರನ್ನು ಕೇಳದೆಯೇ ಫಾರ್ಮ್ಯಾಟ್ ಮಾಡುವ ಅಭ್ಯಾಸ ಸಾಕ್ಷ್ಯನಾಶಕ್ಕೇ ದಾರಿಯಾದೀತು.

ಕಾವಲುಗಾರನ ಮೇಲೂ ಕಣ್ಣಿರಲಿ

ಸೇವಾ ಸಂಸ್ಥೆಯೇ ಅಪಾಯದ ಬಾಗಿಲಾಗುವ ಸಾಧ್ಯತೆಯೂ ಉಂಟು. 2021ರ ಜುಲೈನಲ್ಲಿ ಅಮೆರಿಕದ ಕಸೇಯಾ ಕಂಪನಿಯ ದೂರನಿರ್ವಹಣಾ ತಂತ್ರಾಂಶದ ಮೂಲಕ ನುಗ್ಗಿದ ಸುಲಿಗೆಕೋರರು, ಅದನ್ನು ಬಳಸುತ್ತಿದ್ದ ಸೇವಾ ಸಂಸ್ಥೆಗಳ ಗ್ರಾಹಕರನ್ನು ಬಾಧಿಸಿದರು. ಹೀಗೆ ತೊಂದರೆಗೊಳಗಾದ ಉದ್ಯಮಗಳು 1,500ರವರೆಗೆ ಇದ್ದಿರಬಹುದೆಂದು ಕಂಪನಿಯೇ ಅಂದಾಜಿಸಿತ್ತು. ಭಾರತದಲ್ಲಿ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲಿನ ದಾಳಿಯಿಂದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ಸ್ಥಗಿತಗೊಂಡಿತ್ತು.

ಹಾಗಾಗಿ ದೂರದಿಂದ ಕಂಪ್ಯೂಟರ್ ತೆರೆಯುವ ತಂತ್ರಾಂಶ ಸದಾ ತೆರೆದಿರಬಾರದು. ವಕೀಲರು ಅನುಮತಿಸಿದಾಗ ಮಾತ್ರ ತೆರೆಯಬೇಕು, ಯಾರು ಎಂದು ಒಳಬಂದರು ಎಂಬ ದಾಖಲೆ ಉಳಿಯಬೇಕು. ಗುಮಾಸ್ತನಿಗೂ ಕಿರಿಯರಿಗೂ ಪ್ರತ್ಯೇಕ ಪಾಸ್‌ವರ್ಡ್ ಇದ್ದು, ಯಾರಾದರೂ ಕಚೇರಿ ಬಿಟ್ಟ ದಿನವೇ ಅದು ರದ್ದಾಗಬೇಕು. ಮಿಂಚಂಚೆಗೆ ಎರಡು ಹಂತದ ದೃಢೀಕರಣ ಕಡ್ಡಾಯವಾಗಬೇಕು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದಿರುವ ವಿಂಡೋಸ್ 10 ಯಂತ್ರಗಳು ಎಷ್ಟಿವೆ, ಅವುಗಳಿಗೆ ಬದಲಿ ವ್ಯವಸ್ಥೆಯೇನು ಎಂಬ ಪಟ್ಟಿ ಒಪ್ಪಂದದ ಜತೆಗಿರಬೇಕು. ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕೆಂಬುದು ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನ. ವರದಿ ಮಾಡುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಒಪ್ಪಂದ ಮುಗಿದಾಗ ಪಾಸ್‌ವರ್ಡು, ಜಾಲತಾಣದ ಹೆಸರು, ಬ್ಯಾಕಪ್‌ಗಳೆಲ್ಲ ವಕೀಲರಿಗೇ ಮರಳಬೇಕು.

ಇಷ್ಟೆಲ್ಲವನ್ನು ಒಂದು ಸಣ್ಣ ಕಚೇರಿ ಭರಿಸೀತೆ ಎಂಬ ಆಕ್ಷೇಪ ಸಹಜವೇ. ಒಂದೇ ರಸ್ತೆಯ ನಾಲ್ಕೈದು ಕಚೇರಿಗಳು ಕಡತಗಳನ್ನು ಪ್ರತ್ಯೇಕವಾಗಿಟ್ಟುಕೊಂಡೇ ಸೇವೆಯನ್ನು ಜಂಟಿಯಾಗಿ ಪಡೆದರೆ ವೆಚ್ಚ ಹಂಚಿಹೋಗುತ್ತದೆ. ಬೆಂಗಳೂರು ವಕೀಲರ ಸಂಘವಾಗಲಿ ರಾಜ್ಯ ವಕೀಲರ ಪರಿಷತ್ತಾಗಲಿ ಕನ್ನಡದಲ್ಲಿ ಒಂದು ಮಾದರಿ ಒಪ್ಪಂದ ಸಿದ್ಧಪಡಿಸಿದರೆ ಅರ್ಧ ಕೆಲಸ ಮುಗಿದಂತೆ. ಪರರ ಒಪ್ಪಂದಗಳನ್ನು ಅಕ್ಷರ ಅಕ್ಷರವಾಗಿ ತಿದ್ದಿಕೊಡುವ ವಕೀಲರು ತಮ್ಮ ಕಚೇರಿಯ ಕಂಪ್ಯೂಟರ್ ಒಪ್ಪಂದವನ್ನೂ ಒಮ್ಮೆ ಅದೇ ಕಣ್ಣಿನಿಂದ ಓದಬೇಕು. ವಿಚ್ಛೇದನದ ನೋವನ್ನೋ, ಅಣ್ಣತಮ್ಮಂದಿರ ಆಸ್ತಿ ಜಗಳವನ್ನೋ ಹೇಳಿಕೊಳ್ಳಲು ಸಂಜೆ ಮೆಟ್ಟಿಲು ಹತ್ತಿ ಬರುವ ಕಕ್ಷಿದಾರ ನಂಬುವುದು ವಕೀಲರನ್ನು. ಅವರ ಕಂಪ್ಯೂಟರನ್ನು ಯಾರು ನೋಡಿಕೊಳ್ಳುತ್ತಾರೆಂಬುದು ಅವನಿಗೆ ತಿಳಿದಿರುವುದಿಲ್ಲ.