ಹೆದರಿಸುವ ಕಾಗದ, ಕೇಳಬೇಕಾದ ಲೆಕ್ಕ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಕೂಲಿಕಾರನಿಗೂ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರನಿಗೂ, ಸಂತೆಯಲ್ಲಿ ಅಂಗಡಿ ಹಾಕುವ ಹೆಣ್ಣುಮಗಳಿಗೂ ಈಗ ಒಂದೇ ಬಗೆಯ ಅಂಚೆ ಬರುತ್ತಿದೆ. ಏಳು ದಿನದೊಳಗೆ ಬಾಕಿ ಕಟ್ಟದಿದ್ದರೆ ಜಪ್ತಿ, ಪೊಲೀಸು, ಸೆರೆಮನೆ ಎಂಬ ಬೆದರಿಕೆ ಅದರಲ್ಲಿರುತ್ತದೆ. ತಂದ ಸಾಲವೆಷ್ಟು, ಕಟ್ಟಿದ ಕಂತೆಷ್ಟು, ಉಳಿದ ಅಸಲೆಷ್ಟು ಎಂಬ ಲೆಕ್ಕ ಮಾತ್ರ ಇರುವುದಿಲ್ಲ. ಬದಲಿಗೆ ವಸೂಲಿಯ ಖರ್ಚು, ನೋಟೀಸಿನ ಖರ್ಚು ಎಂದು ಮೊತ್ತ ಬೆಳೆದಿರುತ್ತದೆ.

ಸಾಲ ತೀರಿಸಬೇಕಾಗಿಲ್ಲವೆಂದು ನಾವು ಹೇಳುವವರಲ್ಲ. ತಂದದ್ದನ್ನು ಹಿಂತಿರುಗಿಸುವುದು ದುಡಿದುಣ್ಣುವವರ ಮರ್ಯಾದೆ. ಲೆಕ್ಕ ಕೇಳುವುದು ಅವರ ಹಕ್ಕು.

ಹೆದರಿಕೆಯ ಬೆಲೆಯನ್ನು ನಾಡು ಕಂಡಿದೆ. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಜಿಲ್ಲೆಗಳಲ್ಲಿ ಕಿರುಸಾಲದ ವಸೂಲಿಗಾರರ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಆ ಫೆಬ್ರವರಿ 12ರಂದು ಸರ್ಕಾರ ಸುಗ್ರೀವಾಜ್ಞೆ ತಂದಿತು. ಮುಂದೆ ಅದೇ ಕಾಯಿದೆಯಾಯಿತು. ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿಯವರೆಗೆ ದಂಡವೆಂದು ಅದು ಹೇಳುತ್ತದೆ. ಕಿರುಸಾಲದವರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಸಾಲಗಾರನಿಗೆ ಕರೆ ಮಾಡಬಾರದು, ತಡವಾದ ಕಂತಿಗೆ ಹಾಕುವ ದಂಡವನ್ನು ಇಡೀ ಸಾಲದ ಮೇಲೆ ಹೇರಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ವಿಧಿಸಿತ್ತು.

ಇನ್ನು ಜಪ್ತಿಯ ಮಾತು. ವಕೀಲರ ನೋಟೀಸು ಕೋರ್ಟಿನ ಆಜ್ಞೆಯಲ್ಲ. ದಾವೆ ಹೂಡಿ ಡಿಕ್ರಿ ಪಡೆದ ಮೇಲೂ ಕೈಯಿಡಲಾಗದ ವಸ್ತುಗಳಿವೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮನ್ನು ನೋಡಿರಿ: ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಕೂಲಿಕಾರನ ಕೂಲಿ ಇವು ಜಪ್ತಿಗೆ ಹೊರತು. ನೇಕಾರನ ಮಗ್ಗವನ್ನು ಹೊತ್ತೊಯ್ಯುತ್ತೇವೆಂದು ಗದರಿಸುವ ಕಾಗದ ಹೊಲದ ಬೆರ್ಚಪ್ಪನಂತೆ. ಹಕ್ಕಿ ಹೆದರುವವರೆಗೆ ಮಾತ್ರ ಅದಕ್ಕೆ ಬಲ.

ಹಾಗೆಂದು ಕಾಗದವನ್ನು ಒಲೆಗೆ ಹಾಕಬೇಡಿರಿ. ಉತ್ತರ ಬರೆಯಿರಿ. ಕರಾರಿನ ನಕಲು, ಕಟ್ಟಿದ ಹಣದ ಪಟ್ಟಿ, ಅಸಲು-ಬಡ್ಡಿ-ದಂಡಗಳ ಬೇರೆ ಬೇರೆ ವಿವರ ಕೊಡಿರೆಂದು ಕೇಳಿರಿ. ಲೆಕ್ಕ ನೋಡುವ ಮೊದಲು ಮೊತ್ತವನ್ನು ಒಪ್ಪಿದ್ದೇನೆಂದು ಸಹಿ ಹಾಕಬೇಡಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿಯನ್ನೂ ಒಂದು ಪ್ರತಿಯನ್ನೂ ಜೋಪಾನ ಮಾಡಿರಿ. ಎರಡು ಕಾಗದಗಳನ್ನು ಮಾತ್ರ ಒಂದು ದಿನವೂ ಅಲಕ್ಷಿಸಬಾರದು: ಕೋರ್ಟಿನ ಮೊಹರಿರುವ ಸಮನ್ಸು ಮತ್ತು ಚೆಕ್ಕು ವಾಪಸಾದ ನೋಟೀಸು. ಚೆಕ್ಕಿನ ನೋಟೀಸು ಕೈಸೇರಿದ 15 ದಿನದೊಳಗೆ ಹಣ ಕಟ್ಟದಿದ್ದರೆ ಕ್ರಿಮಿನಲ್ ಮೊಕದ್ದಮೆಗೆ ದಾರಿಯಾಗುತ್ತದೆ. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿರೆಂದು ನಾವು ಹೇಳುವುದು ಇದಕ್ಕಾಗಿಯೆ.

ವಕೀಲರಿಗೆ ಕೊಡಲು ಹಣವಿಲ್ಲವೆ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೆಂಗಸರಿಗೂ, ಪರಿಶಿಷ್ಟ ಜಾತಿ-ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಉಚಿತ ನೆರವಿನ ಹಕ್ಕು ಕೊಟ್ಟಿದೆ. ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿರಿ. ಅದು ಭಿಕ್ಷೆಯಲ್ಲ.

ಆದರೆ ಉತ್ತರ ಬರೆದ ಮಾತ್ರಕ್ಕೆ ಸಾಲದ ಮೂಲ ಬತ್ತುವುದಿಲ್ಲ. ಮಳೆ ಕೈಕೊಟ್ಟು ಶೇಂಗಾ ಒಣಗಿದರೆ ಮಿಲ್ಲಿಗೆ ಕಾಯಿಲ್ಲ, ಕೂಲಿಕಾರನಿಗೆ ಕೆಲಸವಿಲ್ಲ, ಅಂಗಡಿಗೆ ಗಿರಾಕಿಯಿಲ್ಲ. ಆ ಖಾಲಿ ತಿಂಗಳುಗಳಲ್ಲಿಯೇ ಸಾಲ ಕೊಡುವವನು ಬಾಗಿಲಿಗೆ ಬರುವುದು. ಆದುದರಿಂದ ಸಾಲ ಕೊಡಲು ನೋಂದಾಯಿಸಿಕೊಂಡವರ ಪಟ್ಟಿಯನ್ನು ಎರಡೂ ತಾಲ್ಲೂಕು ಕಚೇರಿಗಳ ಮುಂದೆ ಜಿಲ್ಲಾಧಿಕಾರಿಗಳು ಹಚ್ಚಿಸಬೇಕು. ಸಹಕಾರ ಸಂಘಗಳು ಕೂಲಿಕಾರನಿಗೂ ಸಣ್ಣ ವ್ಯಾಪಾರಿಗೂ ಕಡಿಮೆ ಬಡ್ಡಿಯ ಸಾಲ ಕೊಡಬೇಕೆಂದು ನಾವು ಒತ್ತಾಯಿಸುತ್ತೇವೆ.

ಅಲ್ಲಿಯವರೆಗೆ, ಕಾಗದ ಬಂದ ಮನೆಯವರು ಒಬ್ಬರೇ ಕುಳಿತು ಅದನ್ನು ಓದದಿರಲಿ. ಮಿಲ್ಲಿನ ಗೇಟಿಗೆ ತನ್ನಿರಿ, ಸಂಘಕ್ಕೆ ತನ್ನಿರಿ. ನಾಲ್ಕು ಜನರ ನಡುವೆ ಬಿಚ್ಚಿದ ಕಾಗದಕ್ಕೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ.